ತೂಕ ಇಳಿದ ಮೇಲೆ ಉಳಿದ ಚರ್ಮ: ಡೊಂಬಿವಲಿಯ ಒಂದು ಪ್ರಕರಣ

ಆಕೆಗೆ 43 ವರ್ಷ. ತವರು ಧಾರವಾಡದ ಕಡೆ, ಮದುವೆಯಾಗಿ ಬಂದು ನೆಲೆಸಿದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮುಂಬೈ ಫೋರ್ಟ್ ಭಾಗದ ಒಂದು ಬ್ಯಾಂಕಿನಲ್ಲಿ ಕೆಲಸ. ಎತ್ತರ 156 ಸೆಂಟಿಮೀಟರ್. 2021ರಲ್ಲಿ ತೂಕ 118 ಕಿಲೋ ಇದ್ದಾಗ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಜಠರದ ಮುಕ್ಕಾಲು ಪಾಲು ತೆಗೆದು ಸಣ್ಣ ಕೊಳವೆಯಷ್ಟನ್ನು ಮಾತ್ರ ಉಳಿಸುವ ಶಸ್ತ್ರಚಿಕಿತ್ಸೆ ಅದು. ಎರಡು ವರ್ಷದಲ್ಲಿ ತೂಕ 66 ಕಿಲೋಗೆ ಬಂತು. ಶುಗರ್ ಮಾತ್ರೆ ನಿಂತಿತು. ಗೊರಕೆ ನಿಂತಿತು. ದಾದರ್ ಸ್ಟೇಷನ್ನಿನ ಸೇತುವೆಯನ್ನು ಏದುಸಿರಿಲ್ಲದೆ ಹತ್ತುವಂತಾಯಿತು. ಆಸ್ಪತ್ರೆಯ ಫೈಲಿನಲ್ಲಿ ಇದು ಪೂರ್ತಿ ಯಶಸ್ವಿಯಾದ ಕೇಸು.

ಆಮೇಲೆ ಆಕೆಯನ್ನು ನನ್ನ ಹತ್ತಿರ ಕಳಿಸಿದರು. ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತಂಡಗಳ ಜೊತೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆ. ಕನ್ನಡದಲ್ಲಿ ಮಾತಾಡಬಹುದು ಅನ್ನುವುದೂ ನನ್ನನ್ನು ಆರಿಸಿದ್ದಕ್ಕೆ ಒಂದು ಕಾರಣ. ಮೈಯ ಬಗ್ಗೆ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಸರ್ಜನ್ ಬರೆದ ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಪ್ಲಾಸ್ಟಿಕ್ ಸರ್ಜರಿ ಕೇಳುತ್ತಿದ್ದಾರೆ, ಮಾನಸಿಕವಾಗಿ ಸಿದ್ಧರಿದ್ದಾರಾ ನೋಡಿ.'

ಆಕೆ ಮೊದಲು ಹೇಳಿದ್ದು ಊರಿನವರ ಮಾತು. ರಜೆಗೆ ಧಾರವಾಡಕ್ಕೆ ಹೋದಾಗ ಬಾಗಿಲಲ್ಲೇ ಒಬ್ಬರು, 'ಏನವಾ, ಮೈಯಾಗ ಆರಾಮಿಲ್ಲೇನು? ಮುಖ ಎಷ್ಟು ಸೊರಗೇತಿ' ಅಂದರಂತೆ. ದಪ್ಪ ಇದ್ದಾಗ ದಪ್ಪ ಅಂದವರು ಈಗ ಕಾಯಿಲೆ ಅಂದರು. ಮೂವತ್ತು ವರ್ಷ ಕೇಳಿದ ಮಾತಿಗಿಂತ ಆ ಒಂದು ಮಾತು ಜಾಸ್ತಿ ತಾಗಿತು. ಕಷ್ಟಪಟ್ಟು ಗಳಿಸಿದ್ದನ್ನು ಯಾರೋ ಒಂದೇ ಮಾತಿನಲ್ಲಿ ಕಿತ್ತುಕೊಂಡ ಹಾಗೆ ಆಯಿತು ಎಂದರು. ಬಟ್ಟೆ ಹಾಕಿದರೆ ಕಾಯಿಲೆಯವಳು, ಬಟ್ಟೆ ಬಿಚ್ಚಿದರೆ ಮುದುಕಿ, ಇದಕ್ಕಾ ನಾನು ಇಷ್ಟೆಲ್ಲ ಮಾಡಿದ್ದು ಅಂತ ಕೇಳಿದರು.

ತೂಕ ಇಳಿಸುವ ಮಾತಾಡುವಾಗ ಎಲ್ಲರೂ ಕಿಲೋ ಲೆಕ್ಕದಲ್ಲೇ ನಿಲ್ಲುತ್ತಾರೆ. 2017ರಲ್ಲಿ ಈಜಿಪ್ಟಿನ ಮಹಿಳೆಯೊಬ್ಬರನ್ನು ವಿಮಾನದಲ್ಲಿ ಮುಂಬೈಗೆ ತಂದಾಗ ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿ, ಇವತ್ತು ಇಷ್ಟು ಇಳಿದರು, ನಾಳೆ ಅಷ್ಟು ಇಳಿಯುತ್ತಾರೆ ಅಂತ. ಇಳಿದ ಮೇಲೆ ಚರ್ಮ ಏನಾಗುತ್ತದೆ ಅನ್ನುವ ಪ್ರಶ್ನೆ ಯಾರಿಗೂ ಬರುವುದಿಲ್ಲ. ನಮ್ಮ ಪ್ರಕರಣದ ಆಕೆಗೂ 2021ರಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಸಹಿ ಹಾಕಿದ ಕಾಗದದಲ್ಲಿ ಒಂದು ಸಾಲು ಇತ್ತು, ಅಷ್ಟೇ. ಇದು ನನಗೆ ತುಂಬ ಬೇಸರ ತರುವ ವಿಷಯ. ಮೊದಲೇ ಚಿತ್ರ ತೋರಿಸಿ ಹೇಳಿದ್ದರೆ ಆಕೆ ಶಸ್ತ್ರಚಿಕಿತ್ಸೆ ಬೇಡ ಅನ್ನುತ್ತಿರಲಿಲ್ಲ. ಆದರೆ ಕನ್ನಡಿಯ ಮುಂದೆ ಮೋಸಹೋದೆ ಅಂತಲೂ ಅನಿಸುತ್ತಿರಲಿಲ್ಲ.

ಚರ್ಮದಲ್ಲಿ ಕೊಲಾಜನ್, ಎಲಾಸ್ಟಿನ್ ಎಂಬ ನಾರುಗಳಿವೆ. ಅವು ಚರ್ಮವನ್ನು ಹಿಗ್ಗಿಸಿ ಮತ್ತೆ ಎಳೆದುಕೊಳ್ಳುತ್ತವೆ. ವರ್ಷಗಟ್ಟಲೆ ಹಿಗ್ಗಿಯೇ ಇದ್ದರೆ ಆ ನಾರುಗಳು ಹರಿಯುತ್ತವೆ, ಹಳೇ ಲಂಗದ ಇಲಾಸ್ಟಿಕ್ಕಿನ ಹಾಗೆ. ವಯಸ್ಸು, ಬಸಿರು, ಸಿಗರೇಟು, ಎಷ್ಟು ವರ್ಷ ತೂಕ ಹೊತ್ತಿದ್ದರು, ಎಷ್ಟು ಇಳಿಸಿದರು ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ವ್ಯಾಯಾಮ ಒಳಗಿನ ಸ್ನಾಯುವನ್ನು ತುಂಬಿಸುತ್ತದೆಯೇ ಹೊರತು ಹರಿದ ನಾರನ್ನು ಹೊಲಿಯುವುದಿಲ್ಲ. ಕ್ರೀಮು, ಎಣ್ಣೆ, ಮಸಾಜು ಯಾವುದೂ ಈ ಮಟ್ಟದ ಚರ್ಮವನ್ನು ಒಳಗೆ ಎಳೆಯುವುದಿಲ್ಲ. ಆಕೆ ಒಂದು ವರ್ಷ ಬೆಳಗಿನ ಜಾವ ಎದ್ದು ವ್ಯಾಯಾಮ ಮಾಡಿ, ಆಗದಿದ್ದಾಗ ತನ್ನ ಸೋಮಾರಿತನ ಎಂದು ಬೈದುಕೊಂಡಿದ್ದರು. ಇದು ನಿಮ್ಮ ತಪ್ಪಲ್ಲ ಎಂದು ಹೇಳಲು ನಮ್ಮ ಮೊದಲ ಭೇಟಿ ಪೂರ್ತಿ ಬೇಕಾಯಿತು.

ಎರಡನೇ ಭೇಟಿಯಲ್ಲಿ, ನಾಚಿಕೊಳ್ಳುತ್ತಲೇ, ಹೊಟ್ಟೆಯ ಕೆಳಗಿನ ಮಡಿಕೆಯ ಬಗ್ಗೆ ಹೇಳಿದರು. ಜೋತು ಬಿದ್ದ ಚರ್ಮ ತೊಡೆಯ ಮೇಲ್ಭಾಗದವರೆಗೆ ಬರುತ್ತಿತ್ತು. ಅದರ ಕೆಳಗೆ ಗಾಳಿ ಆಡುವುದಿಲ್ಲ. ಮುಂಬೈಯ ಸೆಕೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ಇದು, ಮಡಿಕೆಯೊಳಗಿನ ಚರ್ಮ ಎಲ್ಲಿ ಒಣಗಬೇಕು? ಕೆಂಪಾಗುವುದು, ಬಿರಿಯುವುದು, ಫಂಗಸ್ ಹತ್ತುವುದು, ವಾಸನೆ. ಹಳೇ ಪಂಚೆಯ ತುಂಡುಗಳನ್ನು ಮಡಿಚಿ ಒಳಗಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದರು. ಮಧ್ಯಾಹ್ನ ಬಾತ್‌ರೂಮಿನಲ್ಲಿ ಬದಲಿಸುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವರು ಕರವಸ್ತ್ರ ಮೂಗಿಗೆ ಹಿಡಿದರೆ, ತನ್ನಿಂದಲೇ ಎಂದು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದರು. ಇದನ್ನು ಸರ್ಜನ್‌ಗೆ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಮೆಡಿಕಲ್ ಸ್ಟೋರಿನವರು ಕೊಟ್ಟ ಒಂದು ಟ್ಯೂಬು ತಿಂಗಳುಗಟ್ಟಲೆ ಹಚ್ಚಿದ್ದರು. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ ಟ್ಯೂಬು. ಹಚ್ಚಿದ ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ. ಇಂಥ ಎಷ್ಟೋ ಸ್ಟೀರಾಯ್ಡ್ ಕ್ರೀಮುಗಳನ್ನು 2018ರಿಂದ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಸಿಗುತ್ತವೆ. ನಾನು ಮೊದಲು ಆಕೆಯನ್ನು ಚರ್ಮದ ಡಾಕ್ಟರ ಬಳಿ ಕಳಿಸಿದೆ. ಟ್ಯೂಬು ನಿಂತಿತು. ಸರಿಯಾದ ಔಷಧಿ, ಒಣಗಿಸುವ ಕ್ರಮ ಶುರುವಾಯಿತು. ಪ್ರತಿ ಸಲ ಗಾಯವಾದಾಗ ಫೋಟೋ ತೆಗೆದು, ದಿನಾಂಕ ಹಾಕಿ, ಚೀಟಿಗಳ ಜೊತೆ ಇಟ್ಟುಕೊಳ್ಳಲು ಆ ಡಾಕ್ಟರು ಹೇಳಿದರು. ಈ ಫೋಟೋಗಳು ಮುಂದೆ ತುಂಬ ಕೆಲಸಕ್ಕೆ ಬಂದವು.

ಇನ್ನೊಂದು ವಿಷಯ ಆಕೆ ತಾವಾಗಿ ಹೇಳಲಿಲ್ಲ, ಮಾತಿನ ನಡುವೆ ಸಿಕ್ಕಿತು. ಮುಂಬೈ ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಎಲ್ಲರಿಗೂ ಗೊತ್ತು. 'ಜರಾ ಸರಕೋ' ಅಂದರೆ ಜನ ಸರಿಯುತ್ತಾರೆ. ಆಕೆ ಒಮ್ಮೆಯೂ ಕೇಳುವುದಿಲ್ಲ. ಬೇರೆಯವರೇ ಜಾಗ ಕೊಟ್ಟರೂ ನಿಂತೇ ಬರುತ್ತಾರೆ, ಡೊಂಬಿವಲಿವರೆಗೂ. ಬಾಗಿಲಲ್ಲಿ ಮೈ ಓರೆ ಮಾಡಿ ನುಗ್ಗುತ್ತಾರೆ. ಟೈಲರಿಗೆ ಇವತ್ತಿಗೂ ಹಳೇ ಬ್ಲೌಸನ್ನೇ ಅಳತೆಗೆ ಕೊಡುತ್ತಾರೆ. 66 ಕಿಲೋದ ಹೆಂಗಸು 118 ಕಿಲೋದ ಜಾಗ ಬಿಟ್ಟುಕೊಂಡು ನಡೆಯುತ್ತಿದ್ದರು. ದೇಹ ಎರಡು ವರ್ಷದಲ್ಲಿ ಇಳಿಯಿತು, ಮನಸ್ಸಿನಲ್ಲಿರುವ ದೇಹದ ನಕ್ಷೆ ಇಳಿಯಲಿಲ್ಲ. ತುಂಬ ತೂಕ ಇಳಿಸಿದವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗುವುದು ಇಲ್ಲೇ. ಆಕೆಗೆ ಎರಡು ತೊಂದರೆ ಇದ್ದವು, ಎರಡಕ್ಕೂ ಆಕೆ ಒಂದೇ ಔಷಧಿ ಕೇಳುತ್ತಿದ್ದರು. ಮಡಿಕೆಯ ಗಾಯಕ್ಕೆ ಕತ್ತರಿ ಔಷಧಿ. ರೈಲಿನಲ್ಲಿ ನಾಲ್ಕನೇ ಸೀಟು ಕೇಳಲಾಗದ ಸಂಕೋಚಕ್ಕೆ ಕತ್ತರಿ ಔಷಧಿಯಲ್ಲ. ಇವೆರಡನ್ನು ಬಿಡಿಸದೆ ಆಪರೇಷನ್ ಮಾಡಿಸಿದರೆ ಗಾಯ ವಾಸಿಯಾಗುತ್ತದೆ, ಮನಸ್ಸಿನ ಸಂಕಟ ಹಾಗೇ ಉಳಿಯುತ್ತದೆ. ಆಮೇಲೆ ಆಪರೇಷನ್ನೇ ವ್ಯರ್ಥ ಅನಿಸುತ್ತದೆ, ಇಲ್ಲವೇ ಇನ್ನೊಂದು ಆಪರೇಷನ್ ಬೇಕು ಅನಿಸುತ್ತದೆ.

ದೇಹದ ಒಂದು ಕೊರತೆಯೇ ತಲೆಯಲ್ಲಿ ಸುತ್ತುವ ಒಂದು ಕಾಯಿಲೆ ಇದೆ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್. ಬೇರೆಯವರಿಗೆ ಕಾಣದ, ಇಲ್ಲವೇ ಅತಿ ಸಣ್ಣದಾದ ಕೊರತೆಯನ್ನು ದಿನಕ್ಕೆ ತಾಸುಗಟ್ಟಲೆ ಯೋಚಿಸುವುದು, ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡುವುದು ಅದರ ಲಕ್ಷಣ. ಅಂಥವರಿಗೆ ಪ್ಲಾಸ್ಟಿಕ್ ಸರ್ಜರಿಯಿಂದ ಸಮಾಧಾನ ಸಿಗುವುದು ತೀರಾ ಅಪರೂಪ, ಅವರಿಗೆ ಮನೋವೈದ್ಯರ ಚಿಕಿತ್ಸೆ ಬೇಕು. ಹಾಗಾಗಿ ಅದನ್ನು ಕೇಳಿ ತಿಳಿಯಲೇಬೇಕು. ಈಕೆಗೆ ಅದು ಇರಲಿಲ್ಲ. ಜೋತ ಚರ್ಮ ನಿಜವಾದದ್ದು, ಎಲ್ಲರಿಗೂ ಕಾಣುವಂಥದ್ದು. ಸ್ವಲ್ಪ ಖಿನ್ನತೆ ಇತ್ತು, ಮಾತ್ರೆ ಬೇಕಾಗುವಷ್ಟಲ್ಲ.

ಕನ್ನಡಿಯ ಮುಂದೆ ನಿಂತು ಕಂಡದ್ದನ್ನು ಹೇಳಲು ಹೇಳಿದೆ. ಮೊದಲ ಮಾತು 'ಅಸಹ್ಯ'. ಅದು ತೀರ್ಪು, ಕಣ್ಣಿಗೆ ಕಾಣುವುದನ್ನು ಹೇಳಿ ಎಂದೆ. ಬಣ್ಣ, ಉದ್ದ, ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ. ಕೆಲವು ವಾರದ ಅಭ್ಯಾಸದ ನಂತರ ಆಕೆ ತೋಳು, ಹೊಟ್ಟೆ, ತೊಡೆ, ಎದೆ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡತೊಡಗಿದರು. ಆಮೇಲೆ ಪ್ರತಿ ಭಾಗಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ನಿಮ್ಮನ್ನು ಏನು ಮಾಡಲು ಬಿಡುತ್ತಿಲ್ಲ?

ಹೊಟ್ಟೆ: ನಡೆಯಲು, ಮಳೆಗಾಲದಲ್ಲಿ ಕೆಲಸಕ್ಕೆ ಹೋಗಲು, ಗಂಡನ ಪಕ್ಕ ದೀಪ ಇಟ್ಟುಕೊಂಡು ಮಲಗಲು ಬಿಡುತ್ತಿಲ್ಲ. ತೊಡೆ: ಬೇಸಿಗೆಯಲ್ಲಿ ಉಜ್ಜಿ ಉರಿಯುತ್ತದೆ, ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಹಾಕಿದರೆ ನಡೆಯುತ್ತದೆ. ಎದೆ: ಏನೂ ಇಲ್ಲ, ಒಳ್ಳೆ ಬ್ರಾ ಸಾಕು. ತೋಳು ಅಂದಾಗ ತುಂಬ ಹೊತ್ತು ಯೋಚಿಸಿದರು. 'ನನ್ನನ್ನೇನೂ ತಡೀತಿಲ್ಲ. ಅತ್ತೆ, ನಾದಿನಿಗೆ ತಡೀತಿದೆ' ಅಂದರು.

ಮನೆಯವರ ಒತ್ತಡ ಇದ್ದದ್ದು ತೋಳಿನ ಮೇಲೆ. ನಾದಿನಿಯ ಮಗಳ ಮದುವೆ ಹತ್ತಿರವಿತ್ತು. ಬ್ಲೌಸಿನ ಕೆಳಗೆ ಜೋತಾಡುವ ತೋಳು ಫೋಟೋದಲ್ಲಿ ಕಾಣುತ್ತದೆ ಅಲ್ವಾ? ಹೊಟ್ಟೆ ಸೀರೆಯಲ್ಲಿ ಮುಚ್ಚಿಹೋಗುತ್ತದೆ, ಅದಕ್ಕೇಕೆ ದುಡ್ಡು ಸುರಿಯಬೇಕು ಅಂತ ಅವರ ವಾದ. ಆಕೆಗೆ ನೋವಿದ್ದದ್ದು ಯಾರಿಗೂ ಕಾಣದ ಜಾಗದಲ್ಲಿ, ಜನ ನೋಡುತ್ತಿದ್ದದ್ದು ನೋವಿಲ್ಲದ ಜಾಗವನ್ನು. ಇದನ್ನು ಬಾಯಿಬಿಟ್ಟು ಹೇಳಿದ ದಿನ ಆಕೆ ಮೊದಲ ಬಾರಿ ನೆಟ್ಟಗೆ ಕೂತು ಮಾತಾಡಿದರು.

ಗಂಡ ಒಳ್ಳೆಯ ಮನುಷ್ಯ. ಒಂದು ಸಲ ಜೊತೆಗೆ ಬಂದರು. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಶೋಕಿ, ನಮ್ಮಂಥವರಿಗೆ ಯಾಕೆ ಎಂಬುದು ಅವರ ನಂಬಿಕೆ. ಅವರಿಗೆ ನಾನು ಪುಣೆಯ ಒಂದು ಹಳೇ ಘಟನೆ ಹೇಳಿದೆ. ಕಾವಸ್‌ಜಿ ಎಂಬ ಎತ್ತಿನ ಗಾಡಿಯವನು ಇಂಗ್ಲಿಷ್ ಸೈನ್ಯದ ಜೊತೆ ಇದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗು ಕತ್ತರಿಸಿದರು. ಮುಂದೆ ಪುಣೆಯಲ್ಲಿ ಮೂಗು ಕಟ್ಟುವುದನ್ನೇ ಕಸುಬಾಗಿ ಕಲಿತಿದ್ದ ಒಬ್ಬಾತ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಲಂಡನ್ನಿನ ಪತ್ರಿಕೆಯೊಂದು 1794ರ ಅಕ್ಟೋಬರಿನಲ್ಲಿ ಅದನ್ನು ಚಿತ್ರಸಮೇತ ಅಚ್ಚು ಹಾಕಿತು, ಯುರೋಪಿನ ಸರ್ಜನ್‌ಗಳು ಅದನ್ನು ಓದಿ ಕಲಿತರು. ಆ ಗಾಡಿಯವನಿಗೆ ಬೇಕಾಗಿದ್ದು ಅಂದವಲ್ಲ, ನಾಲ್ಕು ಜನರ ನಡುವೆ ತಲೆ ಎತ್ತಿ ಓಡಾಡುವುದು. ಹೆಂಡತಿಗೆ ಬೇಕಾಗಿದ್ದೂ ಅದೇ ಎಂದಾಗ ಅವರು ಸುಮ್ಮನಾದರು. ಆಮೇಲೆ, ಮಡಿಕೆಯ ಗಾಯದ ಫೋಟೋ ನೋಡಿ, 'ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ' ಎಂದು ಕೇಳಿದರು.

ನನ್ನ ಹತ್ತಿರ ಬರುವ ಮುಂಚೆ ಆಕೆ ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿ ಮೊದಲು ಮಾತಾಡಿದ್ದು ಡಾಕ್ಟರಲ್ಲ, ಪ್ಯಾಕೇಜು ವಿವರಿಸುವ ಹುಡುಗಿ. ಹೊಟ್ಟೆ, ತೋಳು, ತೊಡೆಗೆ ಲೈಪೊಸಕ್ಷನ್, ಮೇಲಿಂದ ಚರ್ಮ ಬಿಗಿ ಮಾಡುವ ಲೇಸರ್, ಎಲ್ಲ ಸೇರಿ ಏಳು ಲಕ್ಷ, ಕಂತಿನಲ್ಲಿ ಕಟ್ಟಬಹುದು. ಲೈಪೊಸಕ್ಷನ್ ತೆಗೆಯುವುದು ಕೊಬ್ಬನ್ನು. ಕೊಬ್ಬು ಆಗಲೇ ಹೋಗಿ ಖಾಲಿ ಚರ್ಮ ಉಳಿದವರಿಗೆ ಅದರಿಂದ ಚರ್ಮ ಇನ್ನೂ ಜೋಲುತ್ತದೆ. ಇಂಥ ಕಡೆ ಹೋಗುವವರಿಗೆ ನನ್ನ ಮಾತು ಕಟ್ಟುನಿಟ್ಟು: ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಾ.ಎನ್.ಬಿ., DrNB) ಎಂಬ ಪರಿಣತಿಯ ಪದವಿ ಮಾಡಿದ್ದಾರಾ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ಅವರ ನೋಂದಣಿ ಇದೆಯಾ, ಆಪರೇಷನ್ ನಡೆಯುವ ಜಾಗದಲ್ಲಿ ಐಸಿಯು ಇದೆಯಾ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ನಮ್ಮ ತಂಡದ ಪ್ಲಾಸ್ಟಿಕ್ ಸರ್ಜನ್ ಆಕೆಯನ್ನು ಪಿಟ್ಸ್‌ಬರ್ಗ್ ಅಳತೆಯಲ್ಲಿ ನೋಡಿದರು, ತೂಕ ಇಳಿದವರ ಜೋತ ಚರ್ಮವನ್ನು ಅಳೆಯುವ ಕ್ರಮ ಅದು. 2005ರಲ್ಲಿ ಬಂದ ಈ ಅಳತೆಯಲ್ಲಿ ದೇಹದ ಹತ್ತು ಭಾಗಕ್ಕೆ 0ಯಿಂದ 3ರವರೆಗೆ ಅಂಕ, 3 ಅಂದರೆ ಅತಿ ಹೆಚ್ಚು ತೊಂದರೆ. ಹೊಟ್ಟೆಗೆ 3, ತೋಳು, ತೊಡೆಗೆ 2. ಆಮೇಲೆ ತೋಳಿನ ಬಗ್ಗೆ ಬಿಚ್ಚಿ ಹೇಳಿದರು. ಕಂಕುಳಿಂದ ಮೊಣಕೈವರೆಗೆ ಗೆರೆ ಬರುತ್ತದೆ, ಅದು ಬ್ಲೌಸಿನ ಕೆಳಗೆ ಕಾಣುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಗಾಯದ ಗೆರೆ ಉಬ್ಬಿ ಕಪ್ಪಾಗುವುದು ಹೆಚ್ಚು. ಆಕೆಯ ಹಳೇ ಸಿಸೇರಿಯನ್ ಗೆರೆ ಒಂದು ತುದಿಯಲ್ಲಿ ಉಬ್ಬಿಯೇ ಇತ್ತು. ಅದನ್ನು ಬೆರಳಲ್ಲಿ ಮುಟ್ಟಿ ತೋರಿಸಿ, 'ಇದೇ ಗೆರೆ ತೋಳಿನುದ್ದ ಬಂದರೆ?' ಎಂದು ಕೇಳಿದರು. ತೋಳಿನ ವಿಷಯ ಅಲ್ಲಿಗೆ ಬಹುಪಾಲು ಇತ್ಯರ್ಥವಾಯಿತು.

ಹೊಟ್ಟೆಗೆ ಎರಡು ದಾರಿ ಇದ್ದವು. ಜೋತ ಚರ್ಮವನ್ನಷ್ಟೇ ಕತ್ತರಿಸಿ ತೆಗೆಯುವ ಪ್ಯಾನಿಕ್ಯುಲೆಕ್ಟಮಿ. ಅಥವಾ ಚರ್ಮ ತೆಗೆದು, ಅಗಲವಾದ ಹೊಟ್ಟೆಯ ಸ್ನಾಯುಗಳನ್ನೂ ಒಳಗೆ ಹೊಲಿದು, ಹೊಕ್ಕುಳನ್ನು ಹೊಸ ಜಾಗದಲ್ಲಿ ಕೂರಿಸುವ ಅಬ್ಡಾಮಿನೊಪ್ಲಾಸ್ಟಿ, ಜನ ಟಮ್ಮಿ ಟಕ್ ಅನ್ನುವುದು ಇದನ್ನೇ. ಬಸಿರಿನಿಂದ ಆಕೆಯ ಸ್ನಾಯುಗಳ ನಡುವೆ ಅಂತರ ಬಿದ್ದಿತ್ತು, ಸೊಂಟನೋವೂ ಇತ್ತು. ಎರಡನೆಯದನ್ನು ಆರಿಸಿದರು. ಇನ್ನು ಮಕ್ಕಳು ಬೇಡ ಎಂದು ನಿರ್ಧರಿಸಿದ್ದರಿಂದ ಅದು ಸಾಧ್ಯವಾಯಿತು. ಬಸಿರಾಗುವ ಯೋಚನೆ ಇದ್ದರೆ ಕಾಯಿರಿ ಎನ್ನುತ್ತಾರೆ.

ತೂಕದ ಲೆಕ್ಕ ಸರಿ ಇತ್ತು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ 12ರಿಂದ 18 ತಿಂಗಳು ಕಳೆದಿರಬೇಕು, ಕೊನೆಯ ಕೆಲವು ತಿಂಗಳು ತೂಕ ಒಂದೇ ಕಡೆ ನಿಂತಿರಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಮತ್ತೆ ಜೋಲುತ್ತದೆ. ರಕ್ತದ ಲೆಕ್ಕ ಸರಿ ಇರಲಿಲ್ಲ. ಹಿಮೋಗ್ಲೋಬಿನ್ 9.4. ಕಬ್ಬಿಣದ ಅಂಶ, ಬಿ12, ವಿಟಮಿನ್ ಡಿ ಎಲ್ಲವೂ ಕಡಿಮೆ. ಸಣ್ಣ ಹೊಟ್ಟೆ, ಸಸ್ಯಾಹಾರ, ನಡುವೆ ಬಿಟ್ಟುಬಿಟ್ಟ ಮಾತ್ರೆ. ದಿನಕ್ಕೆ 60 ಗ್ರಾಂಗಿಂತ ಕಡಿಮೆ ಪ್ರೋಟೀನ್ ತಿಂದರೆ ಇಂಥ ದೊಡ್ಡ ಗಾಯ ಕೂಡುವುದು ಕಷ್ಟ. ಆಕೆ ತಿನ್ನುತ್ತಿದ್ದದ್ದು ಅದರ ಅರ್ಧವೂ ಇರಲಿಲ್ಲ. ಆಪರೇಷನ್ ಮುಂದೆ ಹಾಕಿದರು. ಆಕೆಗೆ ಸಿಟ್ಟು ಬಂತು. ಆದರೆ ಹೆಸರುಕಾಳಿನ ಉಸುಳಿ, ಮೊಸರು, ಪನೀರ್, ಪ್ರೋಟೀನ್ ಪುಡಿ, ನರಕ್ಕೆ ಕಬ್ಬಿಣದ ಇಂಜೆಕ್ಷನ್ ಎಲ್ಲ ಆಗಿ ಹಿಮೋಗ್ಲೋಬಿನ್ 12 ದಾಟುವವರೆಗೆ ಕಾದರು. ಆ ನಡುವೆಯೇ ನಾದಿನಿಯ ಮಗಳ ಮದುವೆ ಬಂದು ಹೋಯಿತು. ಮೊಣಕೈವರೆಗಿನ ಬ್ಲೌಸು ಹೊಲಿಸಿಕೊಂಡರು. ಟೈಲರಿಗೆ ಹಳೇ ಬ್ಲೌಸು ಕೊಡದೆ, ಟೇಪು ಹಿಡಿಸಿ ಅಳತೆ ಕೊಟ್ಟರು. ಅದು ನಾನು ಕೊಟ್ಟಿದ್ದ ಮನೆಗೆಲಸ.

ವಿಮೆಯದ್ದು ಇನ್ನೊಂದು ಹೋರಾಟ. ಅಂದ ಹೆಚ್ಚಿಸುವ ಶಸ್ತ್ರಚಿಕಿತ್ಸೆಗೆ ವಿಮೆ ಇಲ್ಲ ಎಂದು ಕಂಪನಿ ಮೊದಲೇ ಹೇಳಿತು. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ತೆರನಾಗಿ ಬರೆದುಕೊಟ್ಟ ಹೊರಗಿಡುವ ಷರತ್ತುಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ಇದೆ ನಿಜ. ಆದರೆ ಅದೇ ಷರತ್ತು ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿ ಕೊಡುತ್ತದೆ. ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ಇದೆ ಎಂದು ಚಿಕಿತ್ಸೆ ಮಾಡುವ ವೈದ್ಯರು ಬರೆದುಕೊಟ್ಟರೆ ಅದಕ್ಕೂ ವಿನಾಯಿತಿ ಇದೆ. ದಿನಾಂಕ ಹಾಕಿದ ಫೋಟೋಗಳು, ಚರ್ಮದ ಡಾಕ್ಟರ ಚೀಟಿಗಳು, ಸರ್ಜನ್ ಪತ್ರ ಎಲ್ಲ ಮತ್ತೆ ಕಳಿಸಿದ ಮೇಲೆ ಚರ್ಮ ತೆಗೆಯುವ ಭಾಗದ ಖರ್ಚನ್ನು ಕೊಟ್ಟರು. ಸ್ನಾಯು ಹೊಲಿದ ಭಾಗ ಆಕೆಯದ್ದೇ ಖರ್ಚು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ಕಾಗದ ಇಲ್ಲದಿದ್ದರೆ ಕೇಳುವ ದಾರಿಯೇ ಇರುವುದಿಲ್ಲ.

ಆಪರೇಷನ್ ನಾಲ್ಕು ತಾಸು ಹಿಡಿಯಿತು. ತೆಗೆದ ಚರ್ಮದ ತೂಕ 2.8 ಕಿಲೋ. ಇಷ್ಟೇನಾ ಎಂದು ಗಂಡ ಕೇಳಿದರಂತೆ. ಇದು ತೂಕ ಇಳಿಸುವ ಆಪರೇಷನ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಮನೆಯವರ ತಲೆಯಲ್ಲಿ ಕಿಲೋ ಲೆಕ್ಕವೇ ಕೂತಿರುತ್ತದೆ. ಸಿಸೇರಿಯನ್ ಗೆರೆ ತೆಗೆದ ಚರ್ಮದ ಜೊತೆ ಹೋಯಿತು. ಈ ಸೊಂಟದಿಂದ ಆ ಸೊಂಟಕ್ಕೆ ಹೊಸ ಗೆರೆ ಬಂತು. ಒಳಗೆ ಸೇರುವ ನೀರು ಹೊರಬರಲು ಎರಡು ಕಡೆ ಡ್ರೇನ್ ನಳಿಕೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಭಯ. ಅದಕ್ಕೆ ಹೆಪಾರಿನ್ ಇಂಜೆಕ್ಷನ್, ಬಿಗಿ ಕಾಲುಚೀಲ, ಮರುದಿನವೇ ನಡೆಸುವುದು. ಹೊಲಿಗೆ ಎಳೆಯಬಾರದೆಂದು ಮೊದಲ ವಾರ ಬಾಗಿಯೇ ನಡೆದರು. ಆರು ವಾರ ಬಿಗಿ ಪಟ್ಟಿ, ಭಾರ ಎತ್ತುವಂತಿಲ್ಲ. ನೀರಿನ ಕೊಡ, ಕುಕ್ಕರು, ಹಾಸಿಗೆ ಯಾವುದೂ ಇಲ್ಲ. ಲೋಕಲ್ ರೈಲಂತೂ ಇಲ್ಲವೇ ಇಲ್ಲ. ಈ ಆರು ವಾರ ಮನೆಗೆಲಸ ಯಾರು ಮಾಡುತ್ತಾರೆ ಎಂದು ನಾವು ಮೊದಲೇ ಹೆಸರು ಬರೆದು ಹಂಚಿದ್ದೆವು. ಹೆಂಗಸರ ಆಪರೇಷನ್‌ಗಳು ಹಾಳಾಗುವುದು ಎಷ್ಟೋ ಸಲ ಅಡುಗೆಮನೆಯಲ್ಲಿ.

ಡ್ರೇನ್ ತೆಗೆದ ಮೇಲೆ ಚರ್ಮದಡಿ ನೀರು ತುಂಬಿತು. ಸಿರಿಂಜಿನಲ್ಲಿ ಎರಡು ಸಲ ತೆಗೆದರು. ಗೆರೆಯ ನಡುವೆ ಒಂದು ಕಡೆ ಸ್ವಲ್ಪ ಬಿಟ್ಟುಕೊಂಡಿತು, ಡ್ರೆಸಿಂಗಿನಲ್ಲೇ ಕೂಡಿತು. ತುಂಬ ತೂಕ ಇಳಿಸಿದವರಲ್ಲಿ ಇವು ಸಾಮಾನ್ಯ ತೊಂದರೆಗಳು, ಮೊದಲೇ ತಿಳಿಸಿದ್ದರಿಂದ ಆಕೆ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಬೇರೆಯದಕ್ಕೆ. ಮೂರನೇ ವಾರ ಕನ್ನಡಿ ನೋಡಿ, ಬಾವು ಬಂದ ಹೊಟ್ಟೆ, ಕೆಂಪು ಗೆರೆ, ಸ್ಪರ್ಶವೇ ಇಲ್ಲದ ಚರ್ಮ ಕಂಡು, 'ಇದೂ ನನ್ನ ಮೈ ಅಲ್ಲ' ಎಂದು ಫೋನಿನಲ್ಲಿ ಅತ್ತರು. ಹೀಗೆ ಒಂದು ಇಳಿಗಾಲ ಬರುತ್ತದೆ ಎಂದು ನಾವು ಮಾತಾಡಿಕೊಂಡಿದ್ದೆವು. ಆದರೂ ಬಂದಾಗ ಬಂದೇ ಬರುತ್ತದೆ. ಆ ತಿಂಗಳು ವಾರಕ್ಕೊಮ್ಮೆ ಮಾತಾಡಿದೆವು.

ಮುಂದಿನ ಮಳೆಗಾಲ ಗಾಯವಿಲ್ಲದೆ ಕಳೆಯಿತು. ಪಂಚೆ ತುಂಡುಗಳು ಬೇಕಾಗಲಿಲ್ಲ. ಸೊಂಟನೋವು ಕಡಿಮೆಯಾಗಿದೆ. ಗಂಡ ಹೆಂಡತಿ ನಡುವೆ ಮಾತು ಸುಲಭವಾಗಿದೆ. ಅದಕ್ಕೆ ಆಪರೇಷನ್ನಿಗಿಂತ ಆ ಫೋಟೋಗಳನ್ನು ಒಟ್ಟಿಗೆ ನೋಡಿದ್ದೇ ಹೆಚ್ಚು ಕಾರಣ ಎಂದು ನನಗನಿಸುತ್ತದೆ. ಚರ್ಮ ತೆಗೆಸಿಕೊಂಡವರು ಇಳಿಸಿದ ತೂಕವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತಾರೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅಂಥ ಆಪರೇಷನ್‌ವರೆಗೆ ಬರುವವರು ಮೊದಲಿನಿಂದಲೂ ಶಿಸ್ತಿನವರೇ ಇರಬಹುದು, ಹಾಗಾಗಿ ಅದನ್ನೇ ಕಾರಣ ಮಾಡಿಕೊಂಡು ಯಾರಿಗೂ ನಾನು ಸಲಹೆ ಕೊಡುವುದಿಲ್ಲ. ಈಕೆಯ ತೂಕ ಈಗ 67.

ನಾಲ್ಕನೇ ಸೀಟಿನ ಕೆಲಸ ಇನ್ನೂ ನಡೆದಿದೆ. ಮೊದಲು ಮಧ್ಯಾಹ್ನದ ಖಾಲಿ ರೈಲಿನಲ್ಲಿ ಮೂರನೇ ಸೀಟು, ಆಮೇಲೆ ಠಾಣೆ ಲೋಕಲ್‌ನಲ್ಲಿ ನಾಲ್ಕನೆಯದು, ಆಮೇಲೆ ಸಂಜೆಯ ಡೊಂಬಿವಲಿ ಫಾಸ್ಟ್. ಎರಡನೆಯ ಹಂತಕ್ಕೆ ಬಂದಿದ್ದಾರೆ. ಕೂರುವ ಮುಂಚೆ ಪಕ್ಕದವರ ಮುಖ ನೋಡುವುದು ಬಿಟ್ಟಿಲ್ಲ. ಗೆರೆ ಪೂರ್ತಿ ಮಾಗಲು 12ರಿಂದ 18 ತಿಂಗಳು ಬೇಕು. ಅಲ್ಲಿಯವರೆಗೆ ಸಿಲಿಕೋನ್ ಪಟ್ಟಿ ಹಚ್ಚುತ್ತಾರೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ತೊಡೆಯ ಆಪರೇಷನ್ ಬಗ್ಗೆ ಗೆರೆ ಹೇಗೆ ಮಾಗಿದೆ ಎಂದು ನೋಡಿದ ಮೇಲೆ ಸರ್ಜನ್ ಜೊತೆ ಮಾತಾಡುತ್ತಾರೆ. ತೋಳಿಗೆ ಬೇಡ ಎಂದು ಆಕೆಯೇ ಮನೆಯವರ ಎದುರು ಹೇಳಿಬಿಟ್ಟಿದ್ದಾರೆ.